ಬಿಟ್ಟುಕೊಟ್ಟದ್ದರ ಲೆಕ್ಕ

ಕೆಲವು ವಿದ್ಯೆಗಳಿಗೆ ಅವುಗಳ ಹೆಸರೇ ಶತ್ರು. ‘ವ್ಯವಸ್ಥಾಪನಾ ಅರ್ಥಶಾಸ್ತ್ರ’ ಎಂದೊಡನೆ ತಂದೆತಾಯಿಗಳ ಕಣ್ಣ ಮುಂದೆ ಗಾಜಿನ ಬಾಗಿಲ ಕೋಣೆ, ತಿರುಗುವ ಕುರ್ಚಿ, ಮೇಜಿನ ಮೇಲೊಂದು ಹೆಸರಿನ ಫಲಕ ಬಂದು ನಿಲ್ಲುತ್ತವೆ. ಮಗನು ಇದನ್ನು ಓದಿದರೆ ಮ್ಯಾನೇಜರನಾಗುವನು, ಮಗಳು ಓದಿದರೆ ಬ್ಯಾಂಕಿನಲ್ಲಿ ಕೂಡುವಳು ಎಂಬುದು ಅವರ ಎಣಿಕೆ. ಮಕ್ಕಳ ಕಣ್ಣ ಮುಂದೆ ಬರುವುದಾದರೋ ಎರಡು ವಕ್ರರೇಖೆಗಳು: ಒಂದು ಮೇಲಿನಿಂದ ಕೆಳಕ್ಕಿಳಿಯುತ್ತದೆ, ಇನ್ನೊಂದು ಕೆಳಗಿನಿಂದ ಮೇಲಕ್ಕೇರುತ್ತದೆ, ಎರಡೂ ಕೂಡುವಲ್ಲಿ ಒಂದು ಚುಕ್ಕೆ, ಆ ಚುಕ್ಕೆಗೆ ಪರೀಕ್ಷೆಯಲ್ಲಿ ಐದು ಅಂಕ. ಹಿರಿಯರ ಕುರ್ಚಿಗೂ ಕಿರಿಯರ ಚುಕ್ಕೆಗೂ ನಡುವೆ ನಿಜವಾದ ಶಾಸ್ತ್ರವು ಯಾರ ಗಮನಕ್ಕೂ ಬಾರದೆ ಮೂರು ವರ್ಷ ಕುಳಿತಿದ್ದು ಎದ್ದುಹೋಗುವುದುಂಟು.

ಈ ಶಾಸ್ತ್ರಕ್ಕೆ ವಯಸ್ಸು ಹೆಚ್ಚಿಲ್ಲ. ಅಮೆರಿಕದ ಕೊಲಂಬಿಯ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜೋಯೆಲ್ ಡೀನ್ ಎಂಬಾತನು ೧೯೫೧ರಲ್ಲಿ ಇದೇ ಹೆಸರಿನ ಗ್ರಂಥವೊಂದನ್ನು ಪ್ರಕಟಿಸಿದನು. ದೇಶದ ಸಂಪತ್ತು, ಪ್ರಪಂಚದ ವ್ಯಾಪಾರ ಎಂದು ಆಕಾಶದೆತ್ತರದಲ್ಲಿ ಹಾರುತ್ತಿದ್ದ ಅರ್ಥಶಾಸ್ತ್ರವನ್ನು ಒಂದು ಕಾರ್ಖಾನೆಯ, ಒಂದು ಅಂಗಡಿಯ ಜಗುಲಿಯ ಮೇಲೆ ತಂದು ಕೂರಿಸಿದ್ದು ಆ ಗ್ರಂಥದ ಹೆಚ್ಚುಗಾರಿಕೆ. ಎಷ್ಟು ತಯಾರಿಸಬೇಕು, ಯಾವ ಬೆಲೆಗೆ ಮಾರಬೇಕು, ಯಾವಾಗ ನಿಲ್ಲಿಸಬೇಕು—ಇವೇ ಅದರ ಪ್ರಶ್ನೆಗಳು. ಇದನ್ನೇ ಒಂದು ಪೂರ್ಣ ಪದವಿಯನ್ನಾಗಿ ಕಲಿಸುವ ವಿದ್ಯಾಲಯಗಳೂ ಇವೆ. ಕ್ಯಾಲಿಫೋರ್ನಿಯದ ಡೇವಿಸ್‌ನಲ್ಲಿರುವ ವಿಶ್ವವಿದ್ಯಾಲಯದಲ್ಲಿ ಈ ಪದವಿಯನ್ನು ನಡೆಸುವುದು ಕೃಷಿ ಅರ್ಥಶಾಸ್ತ್ರದ ವಿಭಾಗ. ಗಾಜಿನ ಕೋಣೆಯನ್ನು ಕನಸಿನಲ್ಲಿ ಕಾಣುವವರು ಇದನ್ನು ಗಮನಿಸತಕ್ಕದ್ದು: ಅಲ್ಲಿ ಈ ವಿದ್ಯೆಯನ್ನು ಸಾಕಿದ್ದು ಹೊಲ, ತೋಟ.

ನಮ್ಮಲ್ಲಿ ಅದು ಸಾಮಾನ್ಯವಾಗಿ ಬಿ.ಕಾಂ., ಬಿ.ಬಿ.ಎ. ತರಗತಿಗಳ ಒಂದು ಪಾಠವಾಗಿ ಬರುತ್ತದೆ. ಉತ್ತರ ಕನ್ನಡದ ಕಡಲಂಚಿನಲ್ಲಿ ಕಾರವಾರಕ್ಕೆ ದಿವೇಕರ ವಾಣಿಜ್ಯ ಕಾಲೇಜು ಇದೆ. ಅದರ ತೆಂಕಲಿಗೆ ಅಂಕೋಲೆಯಲ್ಲಿ ಗೋಖಲೆ ಶತಾಬ್ದಿ ಕಾಲೇಜು ಇದೆ. ಎರಡೂ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಬೆಳೆದವು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಘಟ್ಟ, ನಡುವೆ ಕೈಯಗಲದ ನೆಲ—ಇಂಥ ಊರುಗಳಲ್ಲಿ ಕುಳಿತು ಮ್ಯಾನೇಜರರ ಶಾಸ್ತ್ರವನ್ನು ಓದುವುದೆಂದರೇನು? ದೊಡ್ಡ ಕಾರ್ಖಾನೆಗಳ ಉದಾಹರಣೆಗಳನ್ನು ಬಾಯಿಪಾಠ ಮಾಡಿ ಪರೀಕ್ಷೆಯ ಮಾರನೆಯ ದಿನ ಮರೆಯುವುದೇ? ಹಾಗೆಂದುಕೊಂಡವರು ತಮ್ಮ ಊರಿನ ಇತಿಹಾಸವನ್ನು ಒಮ್ಮೆ ತಿರುವಿ ನೋಡುವುದು ಒಳ್ಳೆಯದು.

ಈ ಶಾಸ್ತ್ರದ ಮೊದಲ ಪಾಠಕ್ಕೆ ‘ಅವಕಾಶ ವೆಚ್ಚ’ ಎಂದು ಹೆಸರು. ಹೆಸರು ಕಠಿಣ, ವಿಷಯ ಸುಲಭ. ಒಂದನ್ನು ಹಿಡಿದಾಗ ಕೈಬಿಟ್ಟ ಇನ್ನೊಂದರ ಬೆಲೆಯೇ ಹಿಡಿದದ್ದರ ನಿಜವಾದ ವೆಚ್ಚ. ಸ್ವಂತ ಅಂಗಡಿಯಲ್ಲಿ ಕುಳಿತವನು ‘ನನಗೆ ಬಾಡಿಗೆಯ ಖರ್ಚಿಲ್ಲ’ ಎಂದು ಹಿಗ್ಗುತ್ತಾನೆ. ಆ ಕೋಣೆಯನ್ನು ಬೇರೆಯವರಿಗೆ ಕೊಟ್ಟಿದ್ದರೆ ಬರುತ್ತಿದ್ದ ಬಾಡಿಗೆ ಅವನ ಕೈಯಿಂದಲೇ ಹೋಗಿದೆಯಷ್ಟೆ. ಅದಕ್ಕೆ ರಸೀದಿಯಿಲ್ಲ, ಆದುದರಿಂದ ಅದು ಅವನ ಕಣ್ಣಿಗೆ ಕಾಣಿಸುವುದಿಲ್ಲ.

ಕಾರವಾರದ ಬಂದರಿನ ಕಥೆಯಲ್ಲಿ ಈ ಪಾಠವು ಸಮುದ್ರದಷ್ಟು ದೊಡ್ಡದಾಗಿ ಬರೆದಿದೆ. ೧೮೬೧ರಿಂದ ೧೮೬೫ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಲ್ಯಾಂಕಾಷೈರಿನ ಗಿರಣಿಗಳಿಗೆ ಹತ್ತಿ ಬರುವುದು ನಿಂತಿತು. ಧಾರವಾಡ ಸೀಮೆಯ ಹತ್ತಿಗೆ ಒಮ್ಮೆಲೇ ಬೆಲೆ ಬಂತು. ಅದನ್ನು ಘಟ್ಟ ಇಳಿಸಿ ಹಡಗಿಗೆ ಹೇರಲು ಕಾರವಾರದಂಥ ರೇವು ಬೇರೆಯಿಲ್ಲವೆಂದು ಮುಂಬಯಿಯ ವರ್ತಕರಿಗೆ ತೋರಿತು. ೧೮೬೨ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದಕ್ಕೆ ಈ ಬಂದರಿನ ಆಸೆಯೇ ಮುಖ್ಯ ಕಾರಣ. ೧೮೬೪ರಲ್ಲಿ ರೇವಿನ ಮುಂದಿನ ದ್ವೀಪದ ಮೇಲೆ ದೀಪಸ್ತಂಭವೂ ಎದ್ದಿತು. ಘಟ್ಟದ ರಸ್ತೆಗಳಾದವು; ರೈಲಿನ ಮಾತು ನಡೆಯಿತು.

ಅಷ್ಟರಲ್ಲಿ ಯುದ್ಧ ಮುಗಿಯಿತು. ಅಮೆರಿಕದ ಹತ್ತಿ ಮರಳಿ ಬಂತು, ಧಾರವಾಡದ ಹತ್ತಿಯ ಬೆಲೆ ಇಳಿಯಿತು. ಕಾರವಾರಕ್ಕೆ ಬರಬೇಕಾಗಿದ್ದ ರೈಲು ಬರಲಿಲ್ಲ. ೧೮೮೮ರ ವೇಳೆಗೆ ಪೋರ್ತುಗೀಜರ ಗೋವೆಯ ಮುರ್ಮುಗೋವಾ ಬಂದರಿಗೆ ಘಟ್ಟದ ಮೇಲಿಂದ ರೈಲು ಇಳಿಯಿತು. ಎತ್ತಿನ ಗಾಡಿಯಲ್ಲಿ ಘಟ್ಟ ಇಳಿಯುವ ಸರಕಿಗೂ ರೈಲಿನಲ್ಲಿ ಇಳಿಯುವ ಸರಕಿಗೂ ಸಾಗಣೆಯ ವೆಚ್ಚದಲ್ಲಿ ಎಷ್ಟು ಅಂತರವೆಂದು ವರ್ತಕರಿಗೆ ಯಾವ ಪ್ರಾಧ್ಯಾಪಕರೂ ಹೇಳಿಕೊಡಬೇಕಾಗಿರಲಿಲ್ಲ. ವ್ಯಾಪಾರವು ಬಡಗಲಿಗೆ ಸರಿಯಿತು. ರೇವಿನ ಆಳವಾಗಲಿ ಅಂದವಾಗಲಿ ಒಂದಂಗುಲವೂ ಕಡಿಮೆಯಾಗಿರಲಿಲ್ಲ. ಆದರೆ ಪಕ್ಕದಲ್ಲಿ ಅಗ್ಗದ ದಾರಿಯೊಂದು ತೆರೆದಿತ್ತು. ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆದು ಕರಾವಳಿಯುದ್ದಕ್ಕೂ ಗಾಡಿ ಓಡತೊಡಗಿದ್ದು ೧೯೯೮ರಲ್ಲಿ. ಘಟ್ಟದ ಮೇಲಿನ ಹುಬ್ಬಳ್ಳಿಗೂ ಅಂಕೋಲೆಗೂ ರೈಲು ಬೇಕೆಂಬ ಬೇಡಿಕೆಯಂತೂ ದಶಕಗಳಿಂದ ಕಾಡಿನ ನಷ್ಟದ ಪ್ರಶ್ನೆಯೊಡನೆ ತೂಗಾಡುತ್ತ ಬಂದಿದೆ. ಬೆಲೆ, ಬದಲಿ ಸರಕು, ಸಾಗಣೆ, ಒಮ್ಮೆ ಹೂಡಿ ಮರಳಿ ಪಡೆಯಲಾಗದ ಬಂಡವಾಳ—ಪುಸ್ತಕದ ನಾಲ್ಕು ಅಧ್ಯಾಯಗಳು ಕಾರವಾರದ ಒಂದೇ ದಂಡೆಯ ಮೇಲೆ ಬಿದ್ದಿವೆ.

ಅಂಕೋಲೆಯ ಪಾಠ ಇನ್ನೂ ಸೂಕ್ಷ್ಮವಾದದ್ದು. ಅದು ಉಪ್ಪಿನ ಪಾಠ. ಬೆಲೆ ಏರಿದರೂ ಬೇಡಿಕೆ ಕುಗ್ಗದ ಪದಾರ್ಥಕ್ಕೆ ಎಲ್ಲ ಪಠ್ಯಪುಸ್ತಕಗಳೂ ಕೊಡುವ ಉದಾಹರಣೆ ಉಪ್ಪು. ಎಷ್ಟೇ ತುಟ್ಟಿಯಾದರೂ ಸಾರಿಗೆ ಉಪ್ಪು ಹಾಕದೆ ನಡೆಯದು. ಅಗ್ಗವಾಯಿತೆಂದು ಯಾರೂ ಎರಡು ಪಾಲು ಸುರಿದುಕೊಳ್ಳುವುದಿಲ್ಲ. ಸರಕಾರಗಳಿಗೆ ಇದು ಪುಸ್ತಕಗಳಿಗಿಂತ ಮುಂಚೆಯೇ ತಿಳಿದಿತ್ತು. ಕುಗ್ಗದ ಬೇಡಿಕೆಯ ಮೇಲೆ ಹಾಕಿದ ತೆರಿಗೆ ಸೋರಿಹೋಗುವುದಿಲ್ಲವಷ್ಟೆ! ಬ್ರಿಟಿಷ್ ಸರಕಾರವು ೧೮೮೮ರಲ್ಲಿ ಉಪ್ಪಿನ ಸುಂಕವನ್ನು ಮಣಕ್ಕೆ ಎರಡು ರೂಪಾಯಿಯಿಂದ ಎರಡೂವರೆ ರೂಪಾಯಿಗೆ ಏರಿಸಿತು.

ಇದನ್ನು ಎದುರಿಸಿ ನಿಂತವರಲ್ಲಿ ಪ್ರಮುಖರು ಗೋಪಾಲ ಕೃಷ್ಣ ಗೋಖಲೆಯವರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಅವರು ೧೯೦೨ರಲ್ಲಿ ವೈಸರಾಯರ ಶಾಸನಸಭೆಯಲ್ಲಿ ಮಾಡಿದ ತಮ್ಮ ಮೊದಲನೆಯ ಬಜೆಟ್ ಭಾಷಣದಲ್ಲಿಯೇ, ಬೊಕ್ಕಸದಲ್ಲಿ ಹಣ ಮಿಗುತ್ತಿರುವಾಗ ಬಡವನ ಉಪ್ಪಿನ ಮೇಲೆ ಈ ಭಾರವೇಕೆಂದು ಅಂಕಿಗಳೊಡನೆ ಕೇಳಿದರು. ಸುಂಕವು ೧೯೦೩ರಲ್ಲಿ ಎರಡು ರೂಪಾಯಿಗೂ, ೧೯೦೫ರಲ್ಲಿ ಒಂದೂವರೆಗೂ, ೧೯೦೭ರಲ್ಲಿ ಒಂದು ರೂಪಾಯಿಗೂ ಇಳಿಯಿತು. ಸುಂಕ ಇಳಿದಂತೆ ದೇಶದಲ್ಲಿ ಉಪ್ಪಿನ ಬಳಕೆ ಹೆಚ್ಚಿತೆಂಬುದನ್ನು ಗೋಖಲೆಯವರು ಮುಂದಿನ ಭಾಷಣಗಳಲ್ಲಿ ಎತ್ತಿ ತೋರಿಸಿದರು. ಉಳ್ಳವರ ಮನೆಯಲ್ಲಿ ಉಪ್ಪಿನ ಬೇಡಿಕೆ ಕುಗ್ಗದಿರಬಹುದು. ಇಲ್ಲದವನ ಮನೆಯಲ್ಲಿ ಅದೂ ಕುಗ್ಗುತ್ತದೆ. ಅವನ ಗಂಜಿ ಸಪ್ಪೆಯಾಗುತ್ತದೆ, ಅವನ ದನಕ್ಕೆ ಉಪ್ಪು ದೊರೆಯದು. ಪಠ್ಯಪುಸ್ತಕದ ರೇಖೆಯು ‘ಯಾರ ಬೇಡಿಕೆ?’ ಎಂದು ಕೇಳುವುದಿಲ್ಲ. ಓದುವವನು ಕೇಳಬೇಕು.

೧೯೩೦ನೆಯ ಏಪ್ರಿಲ್ ೧೩ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯ ಕಡಲಂಚಿನಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದಾಗ ಸಾವಿರಾರು ಜನ ಸೇರಿದರು. ಆ ದಿನದ ಒಂದು ಹಿಡಿ ಉಪ್ಪಿಗೆ ಜನರು ಪೇಟೆಯ ಬೆಲೆಗೆ ಎಷ್ಟೋ ಪಾಲು ಹೆಚ್ಚು ಹಣ ಕೊಡಲು ಸಿದ್ಧರಾಗಿದ್ದರು. ಅದೇ ಉಪ್ಪು, ಅದೇ ರುಚಿ. ಆದರೆ ಕೊಂಡವರು ಕೊಂಡದ್ದು ಬೇರೆಯದನ್ನು. ಮುಂದೆ ಕೆನರಾ ವೆಲ್‌ಫೇರ್ ಟ್ರಸ್ಟನ್ನು ೧೯೫೩ರಲ್ಲಿ ಕಟ್ಟಿದ ದಿನಕರ ದೇಸಾಯಿಯವರು, ಗೋಖಲೆಯವರು ಹುಟ್ಟಿ ನೂರು ವರ್ಷ ತುಂಬಿದ ೧೯೬೬ರಲ್ಲಿ ಅವರ ಹೆಸರಿನ ಕಾಲೇಜನ್ನು ಅದೇ ಅಂಕೋಲೆಯಲ್ಲಿ ತೆರೆದರು. ದೇಸಾಯಿಯವರು ಗೋಖಲೆಯವರೇ ಸ್ಥಾಪಿಸಿದ್ದ ಭಾರತ ಸೇವಕ ಸಮಾಜದ ಸದಸ್ಯರು. ಆದುದರಿಂದ ಆ ಹೆಸರು ಅವರಿಗೆ ಬರಿಯ ಹೆಸರಾಗಿರಲಿಲ್ಲ. ಉಪ್ಪಿನ ಬೇಡಿಕೆಯ ರೇಖೆಯನ್ನು ಹಲಗೆಯ ಮೇಲೆ ಎಳೆಯುವುದಕ್ಕೆ ಇದಕ್ಕಿಂತ ತಕ್ಕ ಊರು ನಾಡಿನಲ್ಲಿ ಬೇರೆಲ್ಲಿದೆ?

ಇತಿಹಾಸದ ಮಾತು ಇಷ್ಟು. ಇಂದಿನ ಮನೆಯೊಳಗೆ ಈ ವಿದ್ಯೆ ಕಾಲಿಟ್ಟರೆ ಏನಾಗುತ್ತದೆಂಬುದನ್ನು ತಿಳಿಯಲು ಅಂಕೋಲೆ ತಾಲೂಕಿನ ಕಡಲಂಚಿನ ಹಳ್ಳಿಯ ಒಬ್ಬ ಹುಡುಗಿಯ ಸಂಗತಿಯನ್ನು ನೋಡಬಹುದು. ಅವಳು ಬಿ.ಕಾಂ. ವಿದ್ಯಾರ್ಥಿನಿ. ತಂದೆಗೆ ಎಂಜಿನ್ ಕೂಡಿಸಿದ ಒಂದು ದೋಣಿ, ಅದರ ಮೇಲೆ ಸಾಲ. ತಾಯಿ ಬೆಳಗಿನ ಜಾವ ದಂಡೆಯಿಂದ ಬುಟ್ಟಿ ಹೊತ್ತು, ಬಸ್ಸು ಹಿಡಿದು, ಪೇಟೆಯಲ್ಲಿ ಮಧ್ಯಾಹ್ನದವರೆಗೆ ಕುಳಿತು ಮೀನು ಮಾರಿ ಬರುವವಳು. ದೋಣಿಯ ಹಳೆಯ ಎಂಜಿನ್ ತೆಗೆದು ದೊಡ್ಡದನ್ನು ಕೂಡಿಸಬೇಕು, ಅದಕ್ಕೆ ಇನ್ನೊಂದು ಸಾಲ ಎತ್ತಬೇಕು ಎಂಬುದು ತಂದೆಯ ಹಂಬಲ. ‘ದೋಣಿ ಲಾಭದಲ್ಲಿದೆ’ ಎಂಬುದೇ ಅದಕ್ಕೆ ಆಧಾರ.

ಮಗಳು ಮೊದಲು ತಂದೆಗೆ ಸಹಾಯವಾಗುವ ಪಾಠವನ್ನೇ ಹೇಳಿದಳು. ಮೀನು ಕಡಿಮೆ ಬೀಳುವ ದಿನಗಳಲ್ಲಿ ‘ಹೋದರೂ ನಷ್ಟವೇ’ ಎಂದು ತಂದೆ ದೋಣಿ ಎಳೆದಿಡುತ್ತಿದ್ದನು. ಅವಳು ಕೂಡಿ ಕಳೆದು ತೋರಿಸಿದಳು: ಒಂದು ಸಲ ಕಡಲಿಗೆ ಹೋಗಿಬರಲು ಎಣ್ಣೆಗೆ ೩,೦೦೦ ರೂಪಾಯಿ, ಬರ್ಫಕ್ಕೆ ೪೦೦, ಇಬ್ಬರು ಆಳುಗಳಿಗೆ ೧,೬೦೦—ಒಟ್ಟು ೫,೦೦೦. ಸಾಲದ ಕಂತು ದಿನಕ್ಕೆ ೫೦೦ ಬೀಳುತ್ತದೆ. ತಾಯಿ ಮೀನು ಮಾರಿ ತಂದದ್ದು ೫,೩೦೦ ಆದರೆ ಆ ದಿನ ೨೦೦ ನಷ್ಟವೆಂಬುದು ನಿಜ. ಆದರೆ ಹೋಗದೆ ಕುಳಿತರೆ ನಷ್ಟ ೫೦೦! ಕಂತು ಹೇಗೂ ಕಟ್ಟತಕ್ಕದ್ದೇ. ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ ೧ರಿಂದ ಜುಲೈ ೩೧ರವರೆಗೆ ಅರುವತ್ತೊಂದು ದಿನ ನಿಷೇಧವಿರುವಾಗ ದೊಡ್ಡ ಬೋಟುಗಳೆಲ್ಲ ದಡದಲ್ಲಿ ನಿದ್ರಿಸುತ್ತವೆ, ಅವುಗಳ ಸಾಲದ ಬಡ್ಡಿ ಮಾತ್ರ ಎಚ್ಚರವಾಗಿಯೇ ಇರುತ್ತದೆ, ಹಾಗೆಯೇ ಇದು. ಆದುದರಿಂದ ಕಂತನ್ನು ಬದಿಗಿಟ್ಟು, ಹೋಗಿಬರುವ ಖರ್ಚಾದರೂ ಹುಟ್ಟೀತೇ ಎಂದಷ್ಟೇ ನೋಡಬೇಕು. ತಂದೆಗೆ ಈ ಮಾತು ಬಹಳ ಹಿಡಿಸಿತು. ಮಗಳ ಓದು ಸಾರ್ಥಕವೆಂದು ದಂಡೆಯ ಮೇಲೆ ನಾಲ್ಕು ಜನರ ಮುಂದೆ ಹೇಳಿಯೂ ಬಂದನು.

ಆದರೆ ಅವಳ ಮನಸ್ಸಿಗೆ ಲೆಕ್ಕ ಪೂರ್ತಿಯಾಗಿರಲಿಲ್ಲ. ಆಯಿ ಪೇಟೆಗೆ ಹೋಗದೆ ಮೀನನ್ನು ದಂಡೆಯಲ್ಲಿಯೇ ಹರಾಜಿಗೆ ಬಿಟ್ಟರೆ ಎಷ್ಟು ಬರುತ್ತದೆ? ವಿಚಾರಿಸಿದಳು, ೪,೨೦೦. ಅಂದರೆ ಉಳಿದ ೧,೧೦೦ ರೂಪಾಯಿ ಕಡಲಿನದಲ್ಲ, ಎಂಜಿನ್ನಿನದೂ ಅಲ್ಲ. ಆಯಿಯ ತಲೆಯ ಮೇಲಿನ ಬುಟ್ಟಿಯದು. ಒಂದು ತಿಂಗಳು ಅವಳು ದಿನದಿನವೂ ಬರೆದಿಟ್ಟಳು. ಇಪ್ಪತ್ತನಾಲ್ಕು ದಿನ ದೋಣಿ ಹೋಗಿತ್ತು. ಕಂತು ಕಳೆದು ಮಿಕ್ಕ ಲಾಭ ೧೮,೦೦೦. ಬಸ್ಸಿನ ಖರ್ಚು ಹೋಗಿ ಆಯಿಯ ದುಡಿಮೆಯಿಂದ ಬಂದ ಹೆಚ್ಚಿನ ಹಣ ದಿನಕ್ಕೆ ೧,೧೦೦ರಂತೆ ೨೬,೪೦೦. ಆಯಿಯ ದುಡಿಮೆಯನ್ನು ತೆಗೆದಿಟ್ಟರೆ ದೋಣಿಗೆ ೮,೪೦೦ ನಷ್ಟ. ಆ ಆಯಿಗೋ ಎರಡು ವರ್ಷಗಳಿಂದ ಮೊಣಕಾಲು ನೋವು. ಬಸ್ಸಿನ ಮೆಟ್ಟಿಲು ಹತ್ತಲು ಬೇರೆಯವರ ಕೈ ಬೇಕು.

ರಾತ್ರಿ ಊಟವಾದ ಮೇಲೆ ಅವಳು ಆ ಹಾಳೆಯನ್ನು ತಂದೆಯ ಮುಂದಿಟ್ಟಳು.

ತಂದೆ ಓದಿ ನೋಡಿ, “ಕಾಲೇಜಿನಲ್ಲಿ ಇದನ್ನೇ ಕಲಿಸುತ್ತಾರೇನೇ? ಆಯಿಗೆ ಸಂಬಳ ಕಟ್ಟುವುದನ್ನು?” ಎಂದನು.

ತಾಯಿಗೆ ಇನ್ನೂ ಮುಜುಗರ. “ಮನೆ ಕೆಲಸಕ್ಕೆ ಎಂತ ಕೂಲಿ ತಂಗಿ? ಬುಟ್ಟಿ ನನ್ನದು, ಮೀನು ನಮ್ಮದು. ಹರಿದು ಹಾಕು ಅದನ್ನು.”

“ಸಂಬಳದ ಮಾತಲ್ಲ ಅಪ್ಪಾ,” ಎಂದಳು ಮಗಳು. “ಆಯಿ ಕೂತರೆ ದೋಣಿಯೂ ಕೂರುತ್ತದೆ. ಹೊಸ ಎಂಜಿನ್ನಿನ ಕಂತು ಕಟ್ಟುವವರು ಯಾರು ಎಂದು ನೀವೇ ನೋಡಿ.”

ಎರಡು ದಿನ ತಂದೆ ಆ ವಿಷಯ ಎತ್ತಲಿಲ್ಲ. ಮಗಳೊಡನೆ ಹೆಚ್ಚು ಮಾತೂ ಆಡಲಿಲ್ಲ. ಮೂರನೆಯ ದಿನ ತನ್ನ ಲೆಕ್ಕದ ಪುಸ್ತಕವನ್ನು ತಾನೇ ತಂದು, ಎಣ್ಣೆ, ಬರ್ಫ, ಆಳು ಎಂಬ ಕಾಲಮುಗಳ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದುಕೊಡಲು ಹೇಳಿದನು. ಆ ವರ್ಷ ಎರಡನೆಯ ಸಾಲ ಎತ್ತಲಿಲ್ಲ. ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ದು ಮೊಣಕಾಲು ತೋರಿಸಿದರು. ಈಗ ಅವಳು ವಾರಕ್ಕೆ ನಾಲ್ಕು ದಿನ ಮಾತ್ರ ಪೇಟೆಗೆ ಹೋಗುತ್ತಾಳೆ. ಉಳಿದ ದಿನ ಮೀನು ದಂಡೆಯ ಹರಾಜಿಗೆ ಹೋಗುತ್ತದೆ, ಹರಾಜಿನ ಬೆಲೆ ಗಿಟ್ಟದೆಂದು ತೋರಿದ ದಿನ ದೋಣಿ ದಡದಲ್ಲಿಯೇ ಉಳಿಯುತ್ತದೆ. ಮನೆಯ ವರಮಾನ ಸ್ವಲ್ಪ ಇಳಿಯಿತು. ಹಳೆಯ ಎಂಜಿನ್ ಕೆಮ್ಮುತ್ತಲೇ ಇದೆ. ಸುಖಾಂತದ ಕಾದಂಬರಿಯಂತೆ ಎಲ್ಲವೂ ಸರಿಹೋಯಿತೆಂದು ಹೇಳುವಂತಿಲ್ಲ. ಆದರೆ ಯಾವುದಕ್ಕೆ ಯಾವ ಬೆಲೆ ತೆರುತ್ತಿದ್ದೇವೆಂಬುದು ಆ ಮನೆಯಲ್ಲಿ ಮೂವರಿಗೂ ತಿಳಿದಿದೆ.

ಮೀನುಗಾರರ ಮನೆಯ ಮಾತೆಂದು ಪಟ್ಟಣದ ಓದುಗರು ಇದನ್ನು ದೂರವಿಡಬೇಕಾಗಿಲ್ಲ. ಸಂಬಳದ ದಿನ ಯಜಮಾನನು ಹಾಲು, ಅಕ್ಕಿ, ಬಾಡಿಗೆ, ಶಾಲೆಯ ಫೀಜು ಎಂದು ಬರೆಯುವ ಪಟ್ಟಿಯಲ್ಲಿ ಅಡಿಗೆ ಮಾಡಿದವಳ, ಮಕ್ಕಳಿಗೆ ಪಾಠ ಹೇಳಿದವಳ, ಕಾಯಿಲೆಯ ಅತ್ತೆಯ ಬಳಿ ರಾತ್ರಿ ಎಚ್ಚರವಿದ್ದವಳ ಹೊತ್ತಿಗೆ ಯಾವ ಕಾಲಮಿದೆ? ‘ನಮ್ಮ ಮನೆ ನನ್ನ ಸಂಬಳದಲ್ಲಿ ನಡೆಯುತ್ತದೆ’ ಎನ್ನುವವರೆಲ್ಲರೂ ಆ ದೋಣಿಯ ಯಜಮಾನನ ನೆಂಟರೇ.

ಒಂದು ಮನೆಯ ಲೆಕ್ಕದಲ್ಲಿ ತಪ್ಪಿಹೋಗುವುದು ಒಂದು ನಾಡಿನ ಲೆಕ್ಕದಲ್ಲಿಯೂ ತಪ್ಪಿಹೋಗುವುದುಂಟು. ಕಾರವಾರ–ಅಂಕೋಲೆಗಳ ನಡುವಿನ ದಂಡೆಯಲ್ಲಿ ನೌಕಾನೆಲೆಗಾಗಿ ೧೯೮೬ರಲ್ಲಿ ಪ್ರಧಾನಿ ರಾಜೀವ ಗಾಂಧಿಯವರು ಅಡಿಗಲ್ಲು ಹಾಕಿದರು, ೨೦೦೫ರಲ್ಲಿ ಐ.ಎನ್.ಎಸ್. ಕದಂಬ ನೆಲೆಯು ಕಾರ್ಯಾರಂಭ ಮಾಡಿತು. ದೇಶದ ರಕ್ಷಣೆಗೆ ಅದು ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಅದಕ್ಕಾಗಿ ಎರಡೂ ತಾಲೂಕುಗಳ ಸಾವಿರಾರು ಕುಟುಂಬಗಳು ತಮ್ಮ ನೆಲ ಬಿಟ್ಟು ಎದ್ದವು. ಪರಿಹಾರದ ವ್ಯಾಜ್ಯಗಳು ದಶಕಗಳ ಕಾಲ ನ್ಯಾಯಾಲಯದ ಮೆಟ್ಟಿಲು ಹತ್ತಿ ಇಳಿದವು. ಗದ್ದೆಗೆ ಸರ್ವೆ ನಂಬರಿತ್ತು, ತೆಂಗಿನ ಮರಕ್ಕೆ ಎಣಿಕೆಯಿತ್ತು. ಆದರೆ ಬಾಗಿಲು ತೆರೆದರೆ ದೋಣಿ ಕಾಣಿಸುವಷ್ಟು ಹತ್ತಿರವಿದ್ದ ಕಡಲಿಗೆ ಬೆಲೆ ಕಟ್ಟಿದವರಾರು? ಪಹಣಿ ಪತ್ರಿಕೆಯಲ್ಲಿ ಸಮುದ್ರಕ್ಕೆ ಕಾಲಮಿಲ್ಲ. ರಸೀದಿ ಇಲ್ಲದ ವೆಚ್ಚವೆಂದರೇನೆಂಬುದನ್ನು ಈ ಕಡಲಂಚಿನ ಮಕ್ಕಳು ಪುಸ್ತಕ ತೆರೆಯುವ ಮುನ್ನವೇ ಕಂಡಿರುತ್ತಾರೆ. ಕಂಡದ್ದಕ್ಕೆ ಹೆಸರು ಕೊಡುವುದನ್ನು ಮಾತ್ರ ಕಾಲೇಜು ಕಲಿಸಬೇಕಾಗಿದೆ.

ಹಾಗಾದರೆ ಮಕ್ಕಳನ್ನು ಈ ವಿದ್ಯೆಗೆ ಕಳುಹಬೇಕೆ, ಬೇಡವೆ? ಈ ಶಾಸ್ತ್ರದ ರೀತಿಯಿಂದಲೇ ಇದಕ್ಕೂ ಉತ್ತರ ಹುಡುಕಬಹುದು. ಪದವಿಯ ವೆಚ್ಚವೆಂದರೆ ಕಾಲೇಜಿನ ಫೀಜು, ಬಸ್ಸಿನ ಪಾಸು, ಪುಸ್ತಕದ ಬೆಲೆ ಮಾತ್ರವಾಗಿರದು. ಆ ಮೂರು ವರ್ಷ ಹುಡುಗನು ದುಡಿಯಬಹುದಾಗಿದ್ದ ದುಡಿಮೆ, ಕಲಿಯಬಹುದಾಗಿದ್ದ ಬೇರೆ ಕಸುಬು, ಅವನು ಓದುತ್ತಿರುವನೆಂದು ಮನೆಯವರು ಹೊತ್ತ ಹೆಚ್ಚಿನ ಹೊರೆ—ಇವೆಲ್ಲವೂ ಅದರಲ್ಲಿ ಸೇರಿವೆ. ಇಷ್ಟು ದೊಡ್ಡ ಬೆಲೆ ತೆತ್ತು ಒಳಗೆ ಹೋದವನು ಪ್ರಶ್ನೋತ್ತರದ ಗೈಡನ್ನು ಬಾಯಿಪಾಠ ಮಾಡಿ ಹೊರಗೆ ಬಂದರೆ ನಷ್ಟ ಅವನೊಬ್ಬನದಲ್ಲ. ಗಣಿತಕ್ಕೂ ಸಂಖ್ಯಾಶಾಸ್ತ್ರಕ್ಕೂ ಅಂಜುವವನು ಈ ಪಾಠವನ್ನು ಅರ್ಧದಷ್ಟೇ ಪಡೆದಾನು. ಅಂಕಿಗಳಷ್ಟನ್ನೇ ನಂಬುವವನೂ ಅರ್ಧದಷ್ಟೇ ಪಡೆಯುತ್ತಾನೆ. ಮುಂದೆ ಉದ್ಯೋಗಕ್ಕೆ ಬೇರೆ ಪರೀಕ್ಷೆಗಳು, ಬೇರೆ ತರಬೇತಿಗಳು ಬೇಕಾಗುತ್ತವೆಂಬುದನ್ನೂ ಮೊದಲೇ ತಿಳಿದಿರಬೇಕು. ಬಿ.ಕಾಂ. ಮುಗಿಸಿದ ಮಾತ್ರಕ್ಕೆ ಯಾರೂ ತಿರುಗುವ ಕುರ್ಚಿಯನ್ನು ಮನೆಗೆ ಕಳುಹಿಸಿಕೊಡುವುದಿಲ್ಲ.

ಅದೇ ಹಳ್ಳಿಯ ಹುಡುಗಿಗೆ ವ್ಯವಸ್ಥಾಪನಾ ಅರ್ಥಶಾಸ್ತ್ರದ ಪರೀಕ್ಷೆಯಲ್ಲಿ ಬಂದ ಅಂಕಗಳು ಸಾಧಾರಣ. ಪ್ರಶ್ನೆಪತ್ರಿಕೆಯಲ್ಲಿ ಬುಟ್ಟಿ ಹೊತ್ತವರ ಪ್ರಶ್ನೆ ಇರಲಿಲ್ಲ. ಬೇಡಿಕೆಯ ರೇಖೆಯನ್ನು ಎಳೆಯುವಾಗ ಒಂದು ಚಿಹ್ನೆ ಹೆಚ್ಚುಕಡಿಮೆಯಾಯಿತಂತೆ. ಪದವಿಯಾದ ಮೇಲೆ ಗೋವೆಗೆ ಹೋಗಬೇಕೋ, ಹುಬ್ಬಳ್ಳಿಗೋ, ಇಲ್ಲವೆ ಊರಿನಲ್ಲಿಯೇ ಇದ್ದು ನಾಲ್ಕಾರು ದೋಣಿಗಳವರ ಲೆಕ್ಕ ಬರೆದುಕೊಡುವ ಕೆಲಸ ಹಿಡಿಯಬೇಕೋ ಎಂಬುದನ್ನು ಅವಳಿನ್ನೂ ನಿಶ್ಚಯಿಸಿಲ್ಲ. ಒಂದೊಂದು ದಾರಿಗೂ ಒಂದೊಂದು ಹಾಳೆ ಮಾಡಿ, ಹಿಡಿಯುವುದು ಒಂದು ಕಡೆ, ಬಿಡುವುದು ಇನ್ನೊಂದು ಕಡೆ ಎಂದು ಬರೆಯುತ್ತಿದ್ದಾಳೆ.